ಗೋಧಿ ಬಿಯರ್‌ಗೆ ಲವಂಗ ಏಕೆ? ಕಾರ್ನ್‌ವಾಲ್‌ನ ‘ಕ್ಲೌಡೆಡ್ ಯೆಲ್ಲೊ’ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ — ನೇತ್ರಾವತಿ ತೀರ

ಮಾನ್ಯರೇ,

ಕೆಲಸದ ನಿಮಿತ್ತ ನಾನು ಮೂರು ವರ್ಷ ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿದ್ದೆ. ಅಲ್ಲಿಂದ ಟೇಮರ್ ನದಿಯನ್ನು ದಾಟಿದರೆ ಕಾರ್ನ್‌ವಾಲ್. ಆ ಕಡೆಯ ಸೇಂಟ್ ಆಸ್ಟೆಲ್ ಎಂಬ ಊರಿನಲ್ಲಿ 1851ರಲ್ಲಿ ವಾಲ್ಟರ್ ಹಿಕ್ಸ್ ಎಂಬವರು ಆರಂಭಿಸಿದ ಬ್ರೂವರಿ ಇಂದಿಗೂ ಅದೇ ಕುಟುಂಬದ ಒಡೆತನದಲ್ಲಿದೆ. ಅವರು ತಯಾರಿಸುತ್ತಿದ್ದ ‘ಕ್ಲೌಡೆಡ್ ಯೆಲ್ಲೊ’ ಎಂಬ ಗೋಧಿ ಬಿಯರ್ ನನಗೆ ಬಹಳ ಇಷ್ಟವಾಗಿತ್ತು. ಶೇಕಡಾ 4.8 ಮದ್ಯಸಾರವಿರುವ, ಬಾಟಲಿಯೊಳಗೇ ಯೀಸ್ಟ್ ಜೀವಂತವಾಗಿ ಉಳಿದಿರುವ ಬಿಯರ್ ಅದು. ಯುರೋಪಿನ ಭೂಭಾಗದಿಂದ ಕಡಲು ದಾಟಿ ಬೇಸಗೆಯಲ್ಲಿ ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಬರುವ ಒಂದು ಹಳದಿ ಚಿಟ್ಟೆಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ.

ಒಮ್ಮೆ ಮ್ಯೂನಿಕ್‌ನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರಿಗೆ ಈ ಬಿಯರನ್ನು ಕೊಟ್ಟಾಗ ಅವರು ಒಂದು ಗುಟುಕು ಕುಡಿದು, ಪರಿಮಳವೇನೋ ಚೆನ್ನಾಗಿದೆ, ಆದರೆ ತಮ್ಮ ಬವೇರಿಯಾದ ಗೋಧಿ ಬಿಯರ್ ಆದ ವೈಸ್‌ಬಿಯರ್‌ನಲ್ಲಿ ಈ ಪರಿಮಳ ಯೀಸ್ಟಿನಿಂದ ಬರುತ್ತದೆಯೇ ಹೊರತು ಡಬ್ಬಿಯಿಂದಲ್ಲ ಎಂದರು. ಆಮೇಲೆ ವಿಚಾರಿಸಿದಾಗ, ಇದಕ್ಕೆ ನಿಜವಾಗಿಯೂ ಲವಂಗ, ಕೊತ್ತಂಬರಿ ಬೀಜ ಮತ್ತು ವೆನಿಲಾ ಕೋಡುಗಳನ್ನು ಸೇರಿಸುತ್ತಾರೆ ಎಂದು ತಿಳಿಯಿತು. ಬೆಂಗಳೂರಿನ ಬ್ರೂಪಬ್‌ಗಳಲ್ಲಿ ನಾನು ಕುಡಿದಿದ್ದ ಗೋಧಿ ಬಿಯರ್‌ನಲ್ಲಿಯೂ ಲವಂಗ ಮತ್ತು ಬಾಳೆಹಣ್ಣಿನ ಪರಿಮಳವಿರುತ್ತಿತ್ತು. ಅಲ್ಲಿಯೂ ಮಸಾಲೆ ಹಾಕಿರುತ್ತಾರೆಂದೇ ನಾನು ಅಷ್ಟು ದಿನ ಭಾವಿಸಿದ್ದೆ.

ನನ್ನ ಪ್ರಶ್ನೆ ಇಷ್ಟು. ಒಂದೂವರೆ ಶತಮಾನದ ಅನುಭವವಿರುವ ಬ್ರೂವರಿಯೊಂದು ಬವೇರಿಯಾದ ಯೀಸ್ಟನ್ನು ತರಿಸಿಕೊಳ್ಳುವುದು ಬಿಟ್ಟು ಮಸಾಲೆಯ ದಾರಿಯನ್ನು ಏಕೆ ಹಿಡಿಯಿತು? ಹಾಗೆ ಮಾಡಿದ ಬಿಯರನ್ನು ಗೋಧಿ ಬಿಯರ್ ಎಂದು ಕರೆಯುವುದು ನ್ಯಾಯವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ — ಹುದುಗು

ನಮಸ್ಕಾರ. ನಾನು ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ಹುದುಗಿಸಿದ ಆಹಾರ ಪದಾರ್ಥಗಳೇ ನನ್ನ ಕೆಲಸದ ಕ್ಷೇತ್ರವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲಿಗೆ ಲವಂಗದ ಪರಿಮಳವನ್ನು ನೋಡೋಣ. ಗೋಧಿ ಮತ್ತು ಬಾರ್ಲಿ ಕಾಳುಗಳ ಕೋಶಭಿತ್ತಿಯಲ್ಲಿ ಫೆರುಲಿಕ್ ಆಮ್ಲ ಎಂಬ ವಸ್ತುವಿದೆ. ಅದಕ್ಕೆ ತನ್ನದೇ ಆದ ಪರಿಮಳ ಹೆಚ್ಚಿಲ್ಲ. ಕೆಲವು ಯೀಸ್ಟ್‌ಗಳು ಅದನ್ನು ಒಡೆದು, ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, 4-ವಿನೈಲ್ ಗ್ವಾಯಕಾಲ್ ಎಂಬ ವಸ್ತುವನ್ನಾಗಿ ಮಾಡುತ್ತವೆ. ನಿಮ್ಮ ಮ್ಯೂನಿಕ್ ಸಹೋದ್ಯೋಗಿ ಹೇಳಿದ ಯೀಸ್ಟಿನ ಲವಂಗ ಇದೇ. ಬಾಳೆಹಣ್ಣಿನ ಪರಿಮಳ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರಿನದು, ಅಂದರೆ ಹಣ್ಣಿನ ಪರಿಮಳ ಕೊಡುವ ಒಂದು ಬಗೆಯ ವಸ್ತುವಿನದು. ಅದನ್ನೂ ಯೀಸ್ಟೇ ತಯಾರಿಸುತ್ತದೆ, ಮಾಗಿದ ಬಾಳೆಹಣ್ಣಿನಲ್ಲಿರುವುದೂ ಅದೇ ವಸ್ತು. ಆದ್ದರಿಂದ ಬೆಂಗಳೂರಿನಲ್ಲಿ ನೀವು ಕುಡಿದದ್ದು ಬವೇರಿಯಾದ ಮಾದರಿಯಲ್ಲಿ ಮಾಡಿದ ಬಿಯರ್ ಆಗಿದ್ದರೆ, ಅದರಲ್ಲಿ ಲವಂಗವೂ ಇರಲಿಲ್ಲ, ಬಾಳೆಹಣ್ಣೂ ಇರಲಿಲ್ಲ.

ಎಲ್ಲ ಯೀಸ್ಟ್‌ಗಳೂ ಈ ಕೆಲಸವನ್ನು ಮಾಡುವುದಿಲ್ಲ. ಕಾಡು ಯೀಸ್ಟ್‌ಗಳಲ್ಲಿ ಫೆರುಲಿಕ್ ಆಮ್ಲವನ್ನು ಒಡೆಯುವ ಎರಡು ವಂಶವಾಹಿಗಳು ಸರಿಯಾಗಿ ಕೆಲಸ ಮಾಡುತ್ತವೆ. ಆದರೆ ಬ್ರೂವರಿಗಳಲ್ಲಿ ಶತಮಾನಗಳಿಂದ ಒಂದು ಹದದಿಂದ (ಒಂದು ಬಾರಿಗೆ ಮಾಡುವ ಬಿಯರ್) ಇನ್ನೊಂದು ಹದಕ್ಕೆ ದಾಟುತ್ತಾ ಬಂದ ಬಹುತೇಕ ಯೀಸ್ಟ್ ತಳಿಗಳಲ್ಲಿ ಅವು ಕೆಟ್ಟು ನಿಂತಿವೆ, ಏಕೆಂದರೆ ಸಾಧಾರಣ ಬಿಯರ್‌ನಲ್ಲಿ ಆ ಪರಿಮಳ ಬಂದರೆ ಕುಡಿಯುವವರು ಅದನ್ನು ದೋಷವೆಂದೇ ಎಣಿಸುತ್ತಿದ್ದರು, ಮಾಡುವವರೂ ಅಂತಹ ಯೀಸ್ಟನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಇಂಗ್ಲೆಂಡಿನ ಸಾಂಪ್ರದಾಯಿಕ ಬಿಯರ್ ಆದ ಏಲ್‌ನ ಯೀಸ್ಟ್‌ಗಳು ಹೀಗೆ ಪಳಗಿದವು. ಬವೇರಿಯಾದ ಗೋಧಿ ಬಿಯರ್ ಯೀಸ್ಟ್‌ನಂತಹ ಕೆಲವು ತಳಿಗಳು ಮಾತ್ರ ಆ ಶಕ್ತಿಯನ್ನು ಉಳಿಸಿಕೊಂಡಿವೆ.

ಹಾಗಾದರೆ ತರಿಸಿಕೊಳ್ಳಬಹುದಿತ್ತಲ್ಲವೇ ಎಂಬುದು ನಿಮ್ಮ ಪ್ರಶ್ನೆ. ಇಲ್ಲಿ ನಮ್ಮ ಮನೆಗಳ ಹೆಪ್ಪನ್ನು ನೆನೆದರೆ ವಿಷಯ ಬೇಗ ತಿಳಿಯುತ್ತದೆ. ಇಂಗ್ಲೆಂಡಿನ ಸಾಂಪ್ರದಾಯಿಕ ಬ್ರೂವರಿಯಲ್ಲಿ ಹುದುಗುವ ತೊಟ್ಟಿಯ ಮೇಲೆ ದಪ್ಪ ಕೆನೆಯಂತೆ ಏಳುವ ಯೀಸ್ಟನ್ನು ತೆಗೆದಿಟ್ಟು ಮುಂದಿನ ಹದಕ್ಕೆ ಹಾಕುತ್ತಾರೆ. ಮೊಸರಿನ ಹೆಪ್ಪಿನಂತೆ ಅದು ಆ ಮನೆಯದೇ ಆಗಿರುತ್ತದೆ, ಮನೆಯ ರುಚಿ ಅದರಲ್ಲಿಯೇ ಇರುತ್ತದೆ. ಹೆಪ್ಪು ಕೆಟ್ಟಾಗ ನಾವು ನೆರೆಮನೆಗೆ ಬಟ್ಟಲು ಹಿಡಿದು ಹೋಗುವ ಹಾಗೆ, ಅಲ್ಲಿನ ಬ್ರೂವರಿಗಳೂ ಪರಸ್ಪರ ಯೀಸ್ಟ್ ಎರವಲು ಪಡೆದದ್ದುಂಟು. ಅಂತಹ ಮನೆಯೊಳಕ್ಕೆ ಲವಂಗದ ಪರಿಮಳ ಬಿಡುವ ಇನ್ನೊಂದು ಯೀಸ್ಟನ್ನು ತಂದು, ಅದರ ಒಂದಿಷ್ಟು ಕೋಶಗಳು ಕೊಳವೆಯಲ್ಲಿಯೋ ತೊಟ್ಟಿಯ ಸಂದಿಯಲ್ಲಿಯೋ ಉಳಿದುಬಿಟ್ಟರೆ, ಮುಂದಿನ ಹದಗಳಲ್ಲಿ ಬ್ರೂವರಿಯ ಮುಖ್ಯ ಬಿಯರ್‌ಗಳಿಗೇ ಆ ವಾಸನೆ ಹತ್ತಬಹುದು. ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ಕೊಳವೆ, ಕಟ್ಟುನಿಟ್ಟಿನ ಶುಚಿತ್ವ ಇದ್ದರೆ ಇದನ್ನು ತಡೆಯಬಹುದು. ಆದರೆ ವರ್ಷಕ್ಕೆ ಕೆಲವೇ ಬಾರಿ ಮಾಡುವ ಒಂದು ಬಿಯರ್‌ಗಾಗಿ ಅಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಕೇ ಎಂದು ಯಾವ ಬ್ರೂವರ್ ಆದರೂ ಎರಡು ಬಾರಿ ಯೋಚಿಸುತ್ತಾನೆ.

ಇನ್ನೊಂದು ಕಾರಣ ಪಾತ್ರೆಯದು. ಬವೇರಿಯಾದಲ್ಲಿ ಹಿಟ್ಟು ಮತ್ತು ನೀರಿನ ಮಿಶ್ರಣವನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಫೆರುಲಿಕ್ ಆಮ್ಲ ಚೆನ್ನಾಗಿ ಬಿಡುಗಡೆಯಾಗುವಂತೆ ನೋಡಿಕೊಂಡು, ನಂತರ ಹಂತಹಂತವಾಗಿ ಬಿಸಿ ಏರಿಸುತ್ತಾರೆ. ಈ ಮಿಶ್ರಣವನ್ನು ಇಡುವ ಇಂಗ್ಲೆಂಡಿನ ಹಳೆಯ ಮಾದರಿಯ ಪಾತ್ರೆ, ಮ್ಯಾಷ್ ಟನ್, ಶಾಖ ಹಿಡಿದಿಡುವ ದೊಡ್ಡ ತೊಟ್ಟಿಯೇ ಹೊರತು ಅದಕ್ಕೆ ಒಲೆಯಿಲ್ಲ. ಬಿಸಿನೀರು ಹಾಕಿ ಸುಮಾರು 65 ಡಿಗ್ರಿಯಲ್ಲಿ ಒಂದೇ ಬಾರಿಗೆ ಕೆಲಸ ಮುಗಿಸುವುದು ಅಲ್ಲಿನ ಪದ್ಧತಿ. ಜೊತೆಗೆ ಅದೇ ತೊಟ್ಟಿಯಲ್ಲಿ ರಸ ಸೋಸಿ ಇಳಿಯಬೇಕಾದರೆ ಬಾರ್ಲಿಯ ಹೊಟ್ಟೇ ಜರಡಿಯಾಗಬೇಕು. ಗೋಧಿಗೆ ಆ ಹೊಟ್ಟಿಲ್ಲ, ಆದ್ದರಿಂದ ಅದು ಹೆಚ್ಚಾದಷ್ಟೂ ಅಂಟಂಟಾಗಿ ರಸ ಇಳಿಯುವುದು ನಿಧಾನವಾಗುತ್ತದೆ.

‘ಕ್ಲೌಡೆಡ್ ಯೆಲ್ಲೊ’ವನ್ನು ರೂಪಿಸಿದವರು 1999ರಲ್ಲಿ ಸೇಂಟ್ ಆಸ್ಟೆಲ್‌ನಲ್ಲಿ ಮುಖ್ಯ ಬ್ರೂವರ್ ಆಗಿ ಸೇರಿದ ರೋಜರ್ ರೈಮನ್. ಅವರು 2020ರಲ್ಲಿ ತೀರಿಕೊಂಡರು. ಅವರು ಆರಿಸಿಕೊಂಡ ಮಸಾಲೆಗಳನ್ನು ನೋಡಿದಾಗ ನನಗೆ ನಿಜವಾದ ಗೌರವ ಮೂಡುತ್ತದೆ. ಲವಂಗದ ಪರಿಮಳಕ್ಕೆ ಕಾರಣವಾದ ಯೂಜಿನಾಲ್ ಮತ್ತು ಯೀಸ್ಟ್ ತಯಾರಿಸುವ 4-ವಿನೈಲ್ ಗ್ವಾಯಕಾಲ್ ಎರಡೂ ಒಂದೇ ಗ್ವಾಯಕಾಲ್ ಕುಟುಂಬದವು. ಅಣುವಿನ ಒಂದು ಕೈ ಮಾತ್ರ ಬೇರೆ. ವೆನಿಲಾದ ವೆನಿಲಿನ್ ಕೂಡ ಅದೇ ಕುಟುಂಬದ್ದು, ಮತ್ತು ವೈಸ್‌ಬಿಯರ್ ಹಳತಾದಂತೆ ಅದರಲ್ಲಿ ಸ್ವಲ್ಪ ವೆನಿಲಿನ್ ತಾನಾಗಿಯೇ ಹುಟ್ಟುತ್ತದೆ. ಕೊತ್ತಂಬರಿ ಬೀಜದ ಪರಿಮಳದ ವಸ್ತು ಲಿನಲೂಲ್, ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವಿನಲ್ಲಿಯೂ ಇದೆ. ಆದ್ದರಿಂದ ಇದನ್ನು ಡಬ್ಬಿಯಿಂದ ಸುರಿದ ಪರಿಮಳವೆಂದು ತಳ್ಳಿಹಾಕುವುದು ತಪ್ಪು. ತನ್ನ ಮನೆಯ ಹೆಪ್ಪನ್ನು ಬಿಟ್ಟುಕೊಡದೆ, ಪರನಾಡಿನ ರುಚಿಗೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹತ್ತಿರ ಹೋದ ಬ್ರೂವರನ ಕೆಲಸ ಇದು.

ಉತ್ತರ — ಕೊಡಚಾದ್ರಿ

‘ಹುದುಗು’ ಅವರ ವಿವರಣೆ ಬಹಳ ಉಪಯುಕ್ತವಾಗಿದೆ, ಆದರೆ ಅವರ ತೀರ್ಮಾನವನ್ನು ನಾನು ಪೂರ್ತಿ ಒಪ್ಪಲಾರೆ. ನಾನು ಲಂಡನ್ನಿನಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ ಮತ್ತು ಈ ಬಿಯರನ್ನು ಹಲವು ಬಾರಿ ಗಮನವಿಟ್ಟು ಕುಡಿದಿದ್ದೇನೆ.

ಒಂದೇ ಕುಟುಂಬದ ಅಣುಗಳಾದರೂ ನಾಲಿಗೆಗೆ ಅವು ಒಂದೇ ಅಲ್ಲ. ಯೀಸ್ಟಿನ ಲವಂಗ ಬಿಯರ್‌ನ ಒಳಗಿನಿಂದ, ನೊರೆಯೊಂದಿಗೆ ಮೆಲ್ಲಗೆ ಏಳುತ್ತದೆ, ಬಾಳೆಹಣ್ಣಿನ ಪರಿಮಳ ಅದನ್ನು ಆತುಕೊಂಡಿರುತ್ತದೆ. ಸೇರಿಸಿದ ಲವಂಗ ಗುಟುಕಿನ ಕೊನೆಯಲ್ಲಿ ತುಸು ಒಗರಾಗಿ ಪ್ರತ್ಯೇಕವಾಗಿ ನಿಲ್ಲುತ್ತದೆ. ‘ಕ್ಲೌಡೆಡ್ ಯೆಲ್ಲೊ’ದಲ್ಲಿ ನನಗೆ ಕೊರತೆ ಎನಿಸಿದ್ದು ಬಾಳೆಹಣ್ಣೇ. ವೆನಿಲಾ ಆ ಜಾಗವನ್ನು ತುಂಬಲು ಪ್ರಯತ್ನಿಸುತ್ತದೆ, ಆದರೆ ಪೂರ್ತಿ ತುಂಬುವುದಿಲ್ಲ.

ಇಂಗ್ಲೆಂಡಿನಲ್ಲಿಯೇ ಸರಿಯಾದ ಯೀಸ್ಟನ್ನು ಬಳಸಿ ಗೋಧಿ ಬಿಯರ್ ಮಾಡಿದವರಿದ್ದಾರೆ. ಲಂಡನ್ನಿನ ಗ್ರೀನಿಚ್‌ನಲ್ಲಿ ಮೀನ್‌ಟೈಮ್ ಬ್ರೂವರಿಯನ್ನು ಕಟ್ಟಿದ ಅಲಿಸ್ಟರ್ ಹುಕ್ ಬಿಯರ್ ತಯಾರಿಕೆಯ ವಿದ್ಯೆಗೆ ಹೆಸರಾದ ಬವೇರಿಯಾದ ವೈಹೆನ್‌ಸ್ಟೆಫಾನ್‌ನಲ್ಲಿಯೂ ಅಭ್ಯಾಸ ಮಾಡಿ ಬಂದವರು. ಜರ್ಮನ್ ಮಾದರಿಯ ಬಿಯರನ್ನು ಇಲ್ಲಿ ಶ್ರದ್ಧೆಯಿಂದ ಮಾಡಬಹುದೆಂದು ಅವರು ತೋರಿಸಿದರು. ಇದಕ್ಕೆ ಎದುರು ಕೊನೆಯಲ್ಲಿ ಪೀಟರ್‌ಬರೋದ ಓಕಮ್ ಬ್ರೂವರಿಯ ‘ವೈಟ್ ಡ್ವಾರ್ಫ್’ ಇದೆ. ಅದರಲ್ಲಿ ಗೋಧಿಯಿದ್ದರೂ ಬಾಳೆಹಣ್ಣು, ಲವಂಗಗಳ ಗೋಜಿಗೇ ಹೋಗದೆ, ನಿಂಬೆಯಂತಹ ಹಾಪ್ಸ್ ಪರಿಮಳವನ್ನು ಮುಂದಿಟ್ಟಿದ್ದಾರೆ. ನನಗೆ ಈ ಎರಡೂ ದಾರಿಗಳು ಸ್ಪಷ್ಟವಾಗಿ ಕಾಣುತ್ತವೆ. ಬವೇರಿಯಾದ್ದು ಬೇಕೆಂದರೆ ಅಲ್ಲಿನ ಯೀಸ್ಟ್ ತರಬೇಕು, ಇಂಗ್ಲೆಂಡಿನದು ಬೇಕೆಂದರೆ ಇಂಗ್ಲೆಂಡಿನ ಹಾಗೆಯೇ ಮಾಡಬೇಕು.

ಒಂದು ಮಾತನ್ನು ಮಾತ್ರ ನ್ಯಾಯವಾಗಿ ಹೇಳಬೇಕು. ಮೀನ್‌ಟೈಮ್ 2015ರಲ್ಲಿ ಎಸ್‌ಎಬಿ ಮಿಲ್ಲರ್ ಎಂಬ ದೊಡ್ಡ ಬಿಯರ್ ಕಂಪನಿಗೆ ಮಾರಾಟವಾಗಿ, ಆಮೇಲೆ ಜಪಾನಿನ ಬಿಯರ್ ಕಂಪನಿ ಅಸಾಹಿಯ ಕೈ ಸೇರಿತು. ಲಂಡನ್ನಿನ ಹಳೆಯ ಫುಲ್ಲರ್ಸ್ ಕೂಡ ತನ್ನ ಬಿಯರ್ ವ್ಯವಹಾರವನ್ನು 2019ರಲ್ಲಿ ಅದೇ ಅಸಾಹಿಗೆ ಮಾರಿತು. ಇದರ ನಡುವೆ ಸೇಂಟ್ ಆಸ್ಟೆಲ್ ಸ್ವತಂತ್ರವಾಗಿ ಉಳಿದದ್ದು ಸಣ್ಣ ಸಂಗತಿಯಲ್ಲ. ಸ್ಥಾಪಕರ ಮಗಳು ಹೆಸ್ಟರ್ ಪಾರ್ನಲ್ 1916ರಿಂದ 1939ರವರೆಗೆ, ಹೆಂಗಸರು ಇಂತಹ ಉದ್ಯಮವನ್ನು ನಡೆಸುವುದು ಅಪರೂಪವಾಗಿದ್ದ ಕಾಲದಲ್ಲಿ, ಆ ಬ್ರೂವರಿಯನ್ನು ಮುನ್ನಡೆಸಿದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಉತ್ತರ — ಹುದುಗು

ಕೊಡಚಾದ್ರಿ ಅವರೇ, ಬಾಳೆಹಣ್ಣಿನ ಕೊರತೆಯ ವಿಷಯದಲ್ಲಿ ನಿಮ್ಮ ಮಾತು ಸರಿ. ಎಸ್ಟರನ್ನು ಯೀಸ್ಟೇ ಕೊಡಬೇಕು, ಮಸಾಲೆ ಕೊಡಲಾರದು. ಆದರೆ ದಾರಿಗಳು ಎರಡೇ ಎಂಬುದನ್ನು ಒಪ್ಪಲಾರೆ. ಬೆಲ್ಜಿಯಂನ ಗೋಧಿ ಬಿಯರ್‌ಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆಯ ಒಣಸಿಪ್ಪೆ ಹಾಕುವುದು ಹಳೆಯ ಪದ್ಧತಿ. ಹೋಗಾರ್ಡನ್ ಎಂಬ ಊರಿನಲ್ಲಿ ಆ ಬಿಯರ್ ನಿಂತೇ ಹೋಗಿದ್ದಾಗ ಪಿಯರ್ ಸೆಲಿಸ್ 1960ರ ದಶಕದಲ್ಲಿ ಅದಕ್ಕೆ ಮರುಜೀವ ಕೊಟ್ಟರು. ಮಸಾಲೆ ಹಾಕಿದ ಮಾತ್ರಕ್ಕೆ ಅದನ್ನು ಗೋಧಿ ಬಿಯರ್ ಅಲ್ಲವೆಂದು ಯಾರೂ ಹೇಳುವುದಿಲ್ಲ. ಜರ್ಮನಿಯಲ್ಲಿ ವೈಸ್‌ಬಿಯರ್ ಎನಿಸಿಕೊಳ್ಳಲು ಮಾಲ್ಟಿನಲ್ಲಿ (ಮೊಳಕೆ ಕಟ್ಟಿ ಒಣಗಿಸಿದ ಧಾನ್ಯ) ಅರ್ಧದಷ್ಟಾದರೂ ಗೋಧಿಯಿರಬೇಕು. ಅದು ಜರ್ಮನಿಯ ನಿಯಮ, ಕಾರ್ನ್‌ವಾಲ್‌ಗೆ ಅನ್ವಯಿಸುವುದಿಲ್ಲ.

ಉತ್ತರ — ಟೇಮರ್ ಆಚೆ

ಪ್ರಶ್ನೆ ಕೇಳಿದವರು ಪ್ಲಿಮತ್‌ನಲ್ಲಿದ್ದರು ಎಂದು ಓದಿ ಬರೆಯಬೇಕೆನಿಸಿತು. ಈ ಚರ್ಚೆಯಲ್ಲಿ ಎಲ್ಲರೂ ಗೋಧಿ ಬಿಯರ್ ಎಂದರೆ ಬವೇರಿಯಾದ್ದು, ಇಲ್ಲವೇ ಬೆಲ್ಜಿಯಂನದು ಎಂದೇ ಮಾತನಾಡುತ್ತಿದ್ದೀರಿ. ಪ್ಲಿಮತ್ ಇರುವ ಡೆವನ್ ಸೀಮೆಯ ದಕ್ಷಿಣ ಭಾಗದಲ್ಲಿ ಮತ್ತು ಕಾರ್ನ್‌ವಾಲ್‌ನಲ್ಲಿ ‘ವೈಟ್ ಏಲ್’ ಎಂಬ ತಮ್ಮದೇ ಆದ ಬಿಳಿಯ ಬಿಯರ್ ಇತ್ತು. ಅದಕ್ಕೆ ಗೋಧಿ ಹಿಟ್ಟು ಹಾಕುತ್ತಿದ್ದರು, ಕೆಲವೆಡೆ ಮೊಟ್ಟೆಯನ್ನೂ ಸೇರಿಸುತ್ತಿದ್ದರು. ಹುದುಗಿಸಲು ‘ಗ್ರೌಟ್’ ಎಂಬ ಪದಾರ್ಥವನ್ನು ಬಳಸುತ್ತಿದ್ದರು. ಅದನ್ನು ತಯಾರಿಸುವ ರೀತಿಯನ್ನು ಕೆಲವೇ ಮನೆತನಗಳು ಗುಟ್ಟಾಗಿ ಕಾಪಾಡಿಕೊಂಡಿದ್ದವು. ಹುದುಗುತ್ತಿರುವಾಗಲೇ, ಹೊಸದಾಗಿರುವಾಗಲೇ ಕುಡಿಯುವ ಪಾನೀಯವದು, ಇಟ್ಟರೆ ಕೆಡುತ್ತಿತ್ತು. ಕಿಂಗ್ಸ್‌ಬ್ರಿಜ್ ಪಕ್ಕದ ಡಾಡ್‌ಬ್ರೂಕ್‌ನಲ್ಲಿ ಊರಿನ ಪಾದ್ರಿಗೆ ಈ ಬಿಳಿ ಏಲ್‌ನ ಮೇಲೆ ದಶಾಂಶ, ಅಂದರೆ ಚರ್ಚಿಗೆ ಸಲ್ಲಬೇಕಾದ ಹತ್ತರಲ್ಲೊಂದು ಪಾಲು, ಸಲ್ಲುತ್ತಿತ್ತು ಎಂದರೆ ಅದು ಎಷ್ಟು ಬಳಕೆಯಲ್ಲಿತ್ತೆಂದು ಊಹಿಸಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಅದು ಉಳಿದುಕೊಂಡಿತ್ತು, ಆ ಬಳಿಕ ಕಣ್ಮರೆಯಾಯಿತು.

ಹದಿನಾರನೆಯ ಶತಮಾನದಲ್ಲಿ ಕಾರ್ನ್‌ವಾಲ್‌ಗೆ ಬಂದಿದ್ದ ವೈದ್ಯ ಆಂಡ್ರೂ ಬೋರ್ಡ್ ಅಲ್ಲಿನ ಏಲ್ ಬೆಳ್ಳಗೆ ದಪ್ಪಗೆ, ಹಂದಿಗಳು ಹೊರಳಾಡಿದ ಕಲಗಚ್ಚಿನಂತಿದೆ ಎಂದು ಹೀಗಳೆದಿದ್ದ. ಆತನ ಬೈಗುಳವೂ ನಮಗೆ ಸಾಕ್ಷಿಯೇ, ಏಕೆಂದರೆ ಆ ನೆಲಕ್ಕೆ ಮಬ್ಬಾದ ಬಿಯರ್ ಹೊಸದಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ.

ಇಂಗ್ಲೆಂಡಿನಲ್ಲಿ ಗೋಧಿ ಬಿಯರ್ ಬೆಳೆಯದೆ ಹೋದದ್ದಕ್ಕೆ ಅಲ್ಲಿನ ತೆರಿಗೆಯೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. 1697ರಿಂದ ಮಾಲ್ಟಿನ ಮೇಲೆ ತೆರಿಗೆಯಿತ್ತು. ತೆರಿಗೆ ತಪ್ಪಿಹೋಗಬಾರದೆಂದು ಮೊಳಕೆ ಕಟ್ಟದ ಧಾನ್ಯವನ್ನು ಬ್ರೂವರ್‌ಗಳು ಬಳಸುವುದಕ್ಕೆ ತಡೆಯಿತ್ತು. 1880ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಮಾಲ್ಟಿನ ತೆರಿಗೆಯನ್ನು ತೆಗೆದು, ಹುದುಗುವ ಮುನ್ನಿನ ರಸದ ಮೇಲೆ ತೆರಿಗೆ ಹಾಕಿದ ಮೇಲೆಯೇ ಯಾವ ಧಾನ್ಯವನ್ನಾದರೂ ಬಳಸುವ ಸ್ವಾತಂತ್ರ್ಯ ಬಂತು. ಅಷ್ಟು ಹೊತ್ತಿಗೆ ಜನರ ಕೈಗೆ ಗಾಜಿನ ಲೋಟ ಬಂದಿತ್ತು, ಅವರ ಕಣ್ಣು ತಿಳಿಯಾದ ಬಿಯರ್‌ಗೆ ಒಗ್ಗಿಹೋಗಿತ್ತು. ಇಂದಿಗೂ ಅಲ್ಲಿನ ಹೆಚ್ಚಿನ ಏಲ್‌ಗಳಲ್ಲಿ ಗೋಧಿಯ ಪಾತ್ರ ಸಣ್ಣದು. ನೊರೆ ನಿಲ್ಲಲೆಂದು ಹುರಿದರಳಿಸಿದ ಗೋಧಿಯನ್ನು ಒಂದಿಷ್ಟು ಸೇರಿಸುತ್ತಾರೆ, ಅಷ್ಟೆ. ಹಾಗಿರುವಲ್ಲಿ ಆ ಪ್ರದೇಶದ ಒಂದು ಬ್ರೂವರಿ ಮತ್ತೆ ಗೋಧಿಯನ್ನು ಮುಂದಕ್ಕೆ ತಂದಾಗ, ಅದು ಎಲ್ಲಿಯದನ್ನು ಅನುಕರಿಸಿತು ಎಂಬುದಕ್ಕಿಂತ, ಗೋಧಿ ಬಿಯರ್ ಆ ಸೀಮೆಗೆ ಮರಳಿ ಬಂತು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಉತ್ತರ — ಶಾಲ್ಮಲಾ

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ನನ್ನದೊಂದು ಉಪಪ್ರಶ್ನೆ. ನಾವು ಮನೆಯಲ್ಲಿ ಶುದ್ಧ ಸಸ್ಯಾಹಾರಿಗಳು. ಇಂಗ್ಲೆಂಡಿನ ಬಿಯರನ್ನು ತಿಳಿಗೊಳಿಸಲು ಮೀನಿನ ಅಂಶವನ್ನು ಬಳಸುತ್ತಾರೆಂದು ಕೇಳಿದ್ದೇನೆ. ಇದು ನಿಜವೇ? ಗೋಧಿ ಬಿಯರ್‌ಗೂ ಹಾಗೆಯೇ ಮಾಡುತ್ತಾರೆಯೇ?

ಉತ್ತರ — ಹುದುಗು

ಶಾಲ್ಮಲಾ ಅವರೇ, ಅದು ನಿಜ. ಆ ಪದಾರ್ಥದ ಹೆಸರು ಐಸಿಂಗ್ಲಾಸ್. ಮೀನಿನ ಗಾಳಿಚೀಲವನ್ನು ಒಣಗಿಸಿ ತಯಾರಿಸುತ್ತಾರೆ. ಅದರಲ್ಲಿರುವ ಕೊಲಾಜೆನ್ ಯೀಸ್ಟ್ ಕೋಶಗಳನ್ನು ಸೆಳೆದು ಹಿಡಿದುಕೊಂಡು ಪೀಪಾಯಿಯ ತಳಕ್ಕೆ ಇಳಿಸುತ್ತದೆ, ಹೀಗಾಗಿ ಮೇಲಿನ ಬಿಯರ್ ತಿಳಿಯಾಗುತ್ತದೆ. ಮೊದಲು ರಷ್ಯಾದ ಸ್ಟರ್ಜನ್ ಮೀನಿನಿಂದ ಬರುತ್ತಿದ್ದ ಈ ದುಬಾರಿ ವಸ್ತುವಿಗೆ ಬದಲಾಗಿ ಕಾಡ್ ಮೀನಿನಿಂದ ತಯಾರಿಸುವ ಅಗ್ಗದ ವಿಧಾನವನ್ನು 1795ರಲ್ಲಿ ಕಂಡುಹಿಡಿದವರು ವಿಲಿಯಂ ಮರ್ಡೋಕ್. ಕಲ್ಲಿದ್ದಲಿನ ಅನಿಲದಿಂದ ಕಾರ್ನ್‌ವಾಲ್‌ನ ರೆಡ್‌ರುತ್‌ನಲ್ಲಿದ್ದ ತಮ್ಮ ಮನೆಗೆ ದೀಪ ಬೆಳಗಿಸಿದ ಅದೇ ಮರ್ಡೋಕ್ ಇವರು.

ಮಬ್ಬಾಗಿಯೇ ಇರಬೇಕಾದ ಗೋಧಿ ಬಿಯರ್‌ಗೆ ಐಸಿಂಗ್ಲಾಸಿನ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಗೋಧಿಯ ಪ್ರೋಟೀನುಗಳು ಮತ್ತು ತೇಲುವ ಯೀಸ್ಟ್ ಕೂಡಿಯೇ ಆ ಮಬ್ಬು ಬರುತ್ತದೆ, ಅದನ್ನು ತಳಕ್ಕಿಳಿಸಿದರೆ ಬಿಯರ್‌ನ ಸ್ವಭಾವವೇ ಹೋಗುತ್ತದೆ. ಆದರೂ ಮಬ್ಬನ್ನು ನೋಡಿ ಸಸ್ಯಾಹಾರವೆಂದು ತೀರ್ಮಾನಿಸಬೇಡಿ. ಬಾಟಲಿಯ ಮೇಲೆ ಸಸ್ಯಾಹಾರಿಗಳಿಗೆ ಅಥವಾ ವೀಗನ್‌ಗಳಿಗೆ ಯೋಗ್ಯವೆಂದು ಬರೆದಿದ್ದರೆ ಮಾತ್ರ ನಂಬಿರಿ. ಪೀಪಾಯಿಯಿಂದ ಕೊಡುವಲ್ಲಿ ಪಬ್‌ನವರನ್ನು ಕೇಳಿದರೆ ತಿಳಿದವರು ಹೇಳುತ್ತಾರೆ.

ಪ್ರತಿಕ್ರಿಯೆ — ನೇತ್ರಾವತಿ ತೀರ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬಿಳಿ ಏಲ್‌ನ ವಿಷಯ ನನಗೆ ಏನೂ ತಿಳಿದಿರಲಿಲ್ಲ. ಕಿಂಗ್ಸ್‌ಬ್ರಿಜ್‌ಗೆ ನಾನು ಎಷ್ಟೋ ಭಾನುವಾರಗಳಲ್ಲಿ ಹೋಗಿದ್ದೆ, ಆದರೆ ಅಲ್ಲಿ ಇಂತಹದೊಂದು ಇತ್ತೆಂದು ಯಾರೂ ಹೇಳಿರಲಿಲ್ಲ. ಕೊನೆಯದಾಗಿ ಒಂದು ಸಣ್ಣ ಸಂಶಯವಿದೆ. ಅಲ್ಲಿನ ಪಬ್ ಒಂದರಲ್ಲಿ ಹಿರಿಯರೊಬ್ಬರು ಬಾಟಲಿಯನ್ನು ಅಲುಗಿಸದೆ, ತಳದ ಗಸಿಯನ್ನು ಬಾಟಲಿಯಲ್ಲಿಯೇ ಬಿಟ್ಟು, ಮೇಲಿನದನ್ನು ಮಾತ್ರ ನನ್ನ ಲೋಟಕ್ಕೆ ಬಗ್ಗಿಸಿದ್ದರು. ಮ್ಯೂನಿಕ್ ಸಹೋದ್ಯೋಗಿ ಕೊನೆಯ ಎರಡು ಬೆರಳಷ್ಟು ಬಿಯರನ್ನು ಬಾಟಲಿಯಲ್ಲಿ ಉಳಿಸಿ, ಗರಗರನೆ ತಿರುಗಿಸಿ, ಗಸಿ ಸಮೇತ ಸುರಿದುಕೊಂಡಿದ್ದರು. ಯಾವುದು ಸರಿ?

ಉತ್ತರ — ಕೊಡಚಾದ್ರಿ

ಇಬ್ಬರೂ ತಮ್ಮ ತಮ್ಮ ಊರಿನ ಪದ್ಧತಿಯನ್ನು ಪಾಲಿಸಿದ್ದಾರೆ. ಬಾಟಲಿಯಲ್ಲಿ ಯೀಸ್ಟ್ ಉಳಿದಿರುವ ಇಂಗ್ಲೆಂಡಿನ ಏಲ್‌ಗಳನ್ನು ತಿಳಿಯಾಗಿಯೇ ಬಗ್ಗಿಸುವುದು ರೂಢಿ, ಬವೇರಿಯಾದಲ್ಲಿ ಗಸಿಯನ್ನು ಬಿಡುವುದೆಂದರೆ ಬಿಯರ್‌ನ ಅರ್ಧವನ್ನೇ ಬಿಟ್ಟ ಹಾಗೆ. ಈ ಬಿಯರ್‌ಗೆ ನಾನು ಮ್ಯೂನಿಕ್‌ನ ರೀತಿಯನ್ನೇ ಅನುಸರಿಸುತ್ತೇನೆ. ಗಸಿ ಸೇರಿದಾಗ ಬಿಯರ್‌ಗೆ ಮೈ ಬರುತ್ತದೆ, ಮತ್ತು ನಾನು ಮೇಲೆ ದೂರಿದ ಲವಂಗದ ಒಗರು ಆ ದಪ್ಪದೊಳಗೆ ಹುದುಗಿ ಮೆತ್ತಗಾಗುತ್ತದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯದೆ ಹತ್ತು ನಿಮಿಷ ಹೊರಗಿಟ್ಟರೆ ವೆನಿಲಾ ಪರಿಮಳವೂ ಚೆನ್ನಾಗಿ ಏಳುತ್ತದೆ. ಅರ್ಧ ಲೀಟರಿನ ಬಾಟಲಿಯಾದರೆ, ಅದಕ್ಕಿಂತ ತುಸುವೇ ದೊಡ್ಡದಾದ ಇಂಗ್ಲೆಂಡಿನ ಪಿಂಟ್ ಲೋಟದಲ್ಲಿ ನೊರೆಗೆ ಅಷ್ಟಾಗಿ ಜಾಗ ಉಳಿಯುವುದಿಲ್ಲ, ಅದಕ್ಕಿಂತ ಎತ್ತರದ ಲೋಟ ಸಿಕ್ಕರೆ ಅದನ್ನೇ ಬಳಸಿರಿ.